ಏರು ಹತ್ತದ ವ್ಯಾನು

ಕಪಿಲಾ ನದಿಯ ದಂಡೆಯಲ್ಲಿ ಒಂದು ಚಿಕ್ಕ ಆಶ್ರಮವಿತ್ತು. ಅಲ್ಲಿಯ ಗುರುವಿನ ಹೆಸರು ದಾಕ್ಷಾಯಣಮ್ಮ. ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಸುತ್ತಲ ಊರಿನವರಿಗೆಲ್ಲ ಅವರು ಅಮ್ಮ.

ಒಂದು ಬೇಸಿಗೆಯಲ್ಲಿ ಉಮಾಪತಿ ಎಂಬವನು ಅಲ್ಲಿಗೆ ಬಂದ. ಪಟ್ಟಣದಲ್ಲಿ ಅಣ್ಣನ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದವನು. ಕೆಲಸ ಬಿಟ್ಟು, ಮನೆ ಬಿಟ್ಟು, ಹೆಗಲಿಗೆ ಒಂದು ಚೀಲ ಹಾಕಿಕೊಂಡು ಬಂದಿದ್ದ.

"ಏನು ಬೇಕಾಗಿತ್ತಪ್ಪ?" ಎಂದರು ಅಮ್ಮ.

"ಹಿಂದಿನದೆಲ್ಲ ಮರೀಬೇಕು ಅಮ್ಮ. ಹೊಸದಾಗಿ ಶುರುಮಾಡಬೇಕು."

"ಹಿಂದೆ ಏನಾಯ್ತು?"

"ಅದನ್ನ ಹೇಳ್ತಾ ಕೂತರೆ ಮರೆಯೋದು ಹೇಗೆ?"

ಅಮ್ಮ ಅವನ ಕೈ ನೋಡಿದರು. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಇನ್ನೂ ಹೋಗಿರಲಿಲ್ಲ.

"ಗಾಡಿ ಓಡಿಸೋಕೆ ಬರುತ್ತಾ?"

"ಓಡಿಸೋದೂ ಬರುತ್ತೆ, ಬಿಚ್ಚಿ ಜೋಡಿಸೋದೂ ಬರುತ್ತೆ."

"ಹಾಗಾದರೆ ಇರು."

ಆಶ್ರಮದಲ್ಲಿ ಒಂದು ಹಳೆಯ ಡೀಸೆಲ್ ವ್ಯಾನು ಇತ್ತು. ಭಕ್ತರೊಬ್ಬರು ಕೊಟ್ಟದ್ದು. ಪಕ್ಕದ ಊರಿನ ನಾಗಶೆಟ್ಟರಿಗೆ ಕಿಡ್ನಿ ಎರಡೂ ಕೆಟ್ಟಿದ್ದವು. ವಾರದಲ್ಲಿ ಎರಡು ಸಲ ಅವರನ್ನು ಪಟ್ಟಣದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಅದೇ ಆ ವ್ಯಾನಿನ ಮುಖ್ಯ ಕೆಲಸ.

ನದಿ ದಂಡೆಯಿಂದ ಡಾಂಬರು ರಸ್ತೆಗೆ ಸೇರಲು ಒಂದು ಕಡಿದಾದ ಏರು ಹತ್ತಬೇಕಿತ್ತು. ಬಸ್ಸು ಆ ಕಡೆ ಇಳಿಯುತ್ತಿರಲಿಲ್ಲ. ಇತ್ತೀಚೆಗೆ ವ್ಯಾನೂ ಆ ಏರಿನಲ್ಲಿ ಏದುಸಿರು ಬಿಡುತ್ತಿತ್ತು.

ಮೊದಲ ದಿನವೇ ಉಮಾಪತಿ ವ್ಯಾನನ್ನು ಏರಿಗೆ ಕೊಂಡೊಯ್ದ. ಅರ್ಧ ಹತ್ತುವಷ್ಟರಲ್ಲಿ ಎಂಜಿನ್ನಿನ ಶಕ್ತಿ ಕುಸಿಯಿತು. ಎಷ್ಟು ಆಕ್ಸಿಲರೇಟರ್ ಒತ್ತಿದರೂ ಗಾಡಿ ಎತ್ತಿನಂತೆ ನಡೆಯಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಉರಿಯುತ್ತಿತ್ತು. ಎಂಜಿನ್ನಿನಲ್ಲಿ ಏನೋ ತೊಂದರೆ ಇದೆ ಎಂದು ತಿಳಿಸುವ ದೀಪ.

ಉಮಾಪತಿ ಒಳಗೊಳಗೇ ನಕ್ಕ. ಇಂಥವನ್ನು ಅವನು ಎಷ್ಟೋ ನೋಡಿದ್ದ.

ವ್ಯಾನನ್ನು ಆಶ್ರಮದ ಅಂಗಳಕ್ಕೆ ತಂದು ನಿಲ್ಲಿಸಿದ. ಬಾನೆಟ್ ಎತ್ತಿ ಬ್ಯಾಟರಿಯ ಮೈನಸ್ ವೈರನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿದ. ಕೈ ತೊಳೆದುಕೊಂಡು ಹೋಗಿ ಜಗುಲಿಯ ಮೇಲೆ ಕುಳಿತ.

"ಆಗಲೇ ಮುಗೀತಾ?" ಎಂದರು ಅಮ್ಮ.

"ಮುಗೀತು. ಒಂದಷ್ಟು ಹೊತ್ತು ಹಾಗೇ ಬಿಡಬೇಕು, ಅಷ್ಟೇ."

"ಏನು ಮಾಡಿದೆ?"

ಉಮಾಪತಿಗೆ ಈ ಪ್ರಶ್ನೆ ಇಷ್ಟವಾಯಿತು. ಕಾಲು ಮಡಿಚಿ ಕುಳಿತು ಹೇಳಿದ.

"ಈಗಿನ ಎಂಜಿನ್ನಿಗೆ ಒಂದು ಕಂಪ್ಯೂಟರ್ ಇರುತ್ತೆ ಅಮ್ಮ. ಎಷ್ಟು ಗಾಳಿ, ಎಷ್ಟು ಡೀಸೆಲ್ ಅಂತ ಅದೇ ತೀರ್ಮಾನ ಮಾಡೋದು. ಗಾಡಿ ಓಡ್ತಾ ಓಡ್ತಾ ಅದು ಕಲೀತಾ ಹೋಗುತ್ತೆ. ಕೆಲವು ಸಲ ತಪ್ಪು ಕಲಿತುಬಿಡುತ್ತೆ, ಇಲ್ಲಾ ಏನಕ್ಕೋ ಹೆದರಿ ಶಕ್ತಿ ಕಮ್ಮಿ ಮಾಡಿಕೊಳ್ಳುತ್ತೆ. ಬ್ಯಾಟರಿ ತಪ್ಪಿಸಿದರೆ ಕಲಿತದ್ದೆಲ್ಲ ಮರೆತುಹೋಗುತ್ತೆ. ರೀಸೆಟ್ ಅಂತಾರೆ. ಮನೆಯಲ್ಲೇ ಮಾಡಬಹುದು."

"ಎಲ್ಲಾ ಮರೆಯುತ್ತಾ?"

"ಈ ಗಾಡಿಯಲ್ಲಿ ಎಲ್ಲಾ."

"ಯಾಕೆ ಹೆದರಿತ್ತು ಅಂತಲೂ ಮರೆಯುತ್ತಾ?"

"ಅದೇ ಬೇಕಾಗಿರೋದು ಅಮ್ಮ."

ಅಮ್ಮ ಮೊರದಲ್ಲಿದ್ದ ಅಕ್ಕಿಯ ಕಲ್ಲು ಆರಿಸುವುದನ್ನು ಮುಂದುವರಿಸಿದರು.

ವೈರು ಮತ್ತೆ ಜೋಡಿಸಿದಾಗ ಹಳದಿ ದೀಪ ಆರಿತ್ತು. ವ್ಯಾನು ಏರನ್ನು ಒಂದೇ ಉಸಿರಿಗೆ ಹತ್ತಿತು. ನಾಗಶೆಟ್ಟರ ಹೆಂಡತಿ ಕಮಲಮ್ಮ ಹಿಂದಿನ ಸೀಟಿನಲ್ಲಿ ಕಂಬಿ ಹಿಡಿದುಕೊಂಡು, "ಮೆಲ್ಲಗಪ್ಪ, ಇದಕ್ಕೆ ಇಷ್ಟು ಜೋರು ಇತ್ತು ಅಂತ ನಮಗೆ ಗೊತ್ತೇ ಇರಲಿಲ್ಲ" ಎಂದಳು.

ಉಮಾಪತಿ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಿಕೊಂಡ. ಆ ಮುಖ ಅವನಿಗೆ ಒಪ್ಪಿಗೆಯಾಯಿತು.

ಆಶ್ರಮದ ಅಡುಗೆ ನೋಡಿಕೊಳ್ಳುತ್ತಿದ್ದವಳು ಗೌರಕ್ಕ. ಒಂದು ಮಧ್ಯಾಹ್ನ ಗ್ಯಾಸ್ ಮುಗಿಯಿತು. ಉಮಾಪತಿ ಹೊಸ ಸಿಲಿಂಡರ್ ತಂದು ಜೋಡಿಸಿ ಹೊರಟ.

"ಸರಿಯಾಗಿ ನೋಡಿದ್ಯೇನಪ್ಪ?" ಎಂದು ಗೌರಕ್ಕ ಕೇಳಿದಳು.

ಅಷ್ಟೇ. ಉಮಾಪತಿಯ ಕಿವಿ ಕೆಂಪಾಯಿತು.

"ನನಗೆ ಕೆಲಸ ಹೇಳಿಕೊಡ್ತೀಯಾ? ಹುಟ್ಟಿದಾಗಿಂದ ಇದನ್ನೇ ಮಾಡ್ತಾ ಇದ್ದೀನಿ. ನಂಬಿಕೆ ಇಲ್ಲದಿದ್ದರೆ ನೀನೇ ಜೋಡಿಸ್ಕೊ."

ಗೌರಕ್ಕ ಒಲೆಯ ಕಡೆ ತಿರುಗಿದ್ದನ್ನು ನೋಡಿ ಉಮಾಪತಿಗೆ ತನ್ನ ದನಿ ಎಷ್ಟು ಏರಿತ್ತೆಂದು ತಿಳಿಯಿತು. ಸಂಜೆ ಹೋಗಿ ಅವಳ ಕಾಲು ಮುಟ್ಟಿದ.

"ತಪ್ಪಾಯ್ತು ಗೌರಕ್ಕ. ಮರೆತುಬಿಡು."

"ಆಗಲಿ ಬಿಡಪ್ಪ" ಎಂದಳು ಆಕೆ.

ಅಮ್ಮ ಕೇಳಿದರು. "ಯಾಕೆ ಅಷ್ಟು ಸಿಟ್ಟು ಬಂತು?"

"ಕ್ಷಮೆ ಕೇಳಿದೆ ಅಮ್ಮ. ಅವರೂ ಮರೆತರು, ನಾನೂ ಮರೆತೆ."

"ನಾನು ಕೇಳಿದ್ದು ಅದಲ್ಲ."

ಕೇಳಿದ್ದು ಏನೆಂದು ಉಮಾಪತಿಗೆ ಗೊತ್ತಿತ್ತು. ಉತ್ತರ ಕೊಡಬೇಕಾದರೆ ಎಲ್ಲೆಲ್ಲಿಗೋ ಹೋಗಬೇಕಾಗುತ್ತದೆ ಎಂಬುದೂ ಗೊತ್ತಿತ್ತು. ಅಮ್ಮ ಒತ್ತಾಯ ಮಾಡಲಿಲ್ಲ.

ಕೆಲವು ದಿನ ಕಳೆದು ಹಳದಿ ದೀಪ ಮತ್ತೆ ಹೊತ್ತಿಕೊಂಡಿತು. ಏರಿನಲ್ಲಿ ವ್ಯಾನು ಮತ್ತೆ ಮುಗ್ಗರಿಸಿತು.

ಉಮಾಪತಿ ಮತ್ತೆ ವೈರು ಬಿಚ್ಚಿದ, ಮತ್ತೆ ಜೋಡಿಸಿದ. ದೀಪ ಆರಿತು. ವ್ಯಾನು ಓಡಿತು. ಈ ಸಲ ಅದು ಇನ್ನೂ ಬೇಗ ಹಳೆಯ ಚಾಳಿಗೆ ಬಂತು. ಅವನು ಇನ್ನೊಮ್ಮೆ ಬಿಚ್ಚಿದ. ಈಗ ಅದು ಅಭ್ಯಾಸವೇ ಆಯಿತು. ಶೆಟ್ಟರು ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಎದ್ದವನೇ ಬ್ಯಾಟರಿ ತಪ್ಪಿಸಿ, ಸ್ನಾನ ಮುಗಿಸಿ ಬಂದು ಜೋಡಿಸುತ್ತಿದ್ದ.

ಒಂದು ಬೆಳಿಗ್ಗೆ ಅವನು ಸ್ಪ್ಯಾನರ್ ಹಿಡಿದು ಬಂದಾಗ ಅಮ್ಮ ಡ್ರೈವರ್ ಸೀಟಿನಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಕಮಲಮ್ಮ ನಿಂತಿದ್ದಳು.

"ಬಾ ಉಮಾಪತಿ. ನಿನ್ನ ಕಷ್ಟ ತಪ್ಪಿಸಿದ್ದೀನಿ" ಎಂದರು ಅಮ್ಮ.

"ಏನಾಯ್ತಮ್ಮ?"

"ದೀಪ ನೋಡು."

ಉಮಾಪತಿ ಬಗ್ಗಿ ನೋಡಿದ. ಹಳದಿ ದೀಪ ಇರಬೇಕಾದ ಜಾಗದಲ್ಲಿ ಒಂದು ದುಂಡನೆಯ ಮೆರೂನ್ ಬೊಟ್ಟು ಅಂಟಿಕೊಂಡಿತ್ತು. ಕಮಲಮ್ಮನ ಹಣೆಯ ಸ್ಟಿಕ್ಕರು.

ಕಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದಳು.

"ದಿನಾ ಬ್ಯಾಟರಿ ಬಿಚ್ಚೋದಕ್ಕಿಂತ ಇದು ಸುಲಭ ಅಲ್ವಾ?" ಎಂದರು ಅಮ್ಮ.

"ಅದೂ ಇದೂ ಒಂದೇ ಅಲ್ಲಮ್ಮ. ರೀಸೆಟ್ ಮಾಡಿದರೆ ಗಾಡಿ ನಿಜವಾಗ್ಲೂ ಎಳೆಯುತ್ತೆ."

"ಎಷ್ಟು ದೂರ?"

ಉಮಾಪತಿ ಬೊಟ್ಟನ್ನು ಉಗುರಿನಿಂದ ಎಬ್ಬಿಸಿ ತೆಗೆದ. ಅವಮಾನವಾಗಿತ್ತು. ಆದರೂ ಶೆಟ್ಟರಿಗೆ ಹೊತ್ತಾಗುತ್ತಿತ್ತು. ಅವನಿಗೆ ತಿಳಿದಿದ್ದ ಬೇಗದ ದಾರಿ ಒಂದೇ. ವೈರು ಬಿಚ್ಚಿದ, ಕಾದ, ಜೋಡಿಸಿದ, ಹೊರಟ.

ಅವತ್ತು ವ್ಯಾನು ಏರಿನ ಅರ್ಧಕ್ಕೆ ಬಂದು ಕೈ ಚೆಲ್ಲಿತು.

ಹಿಂದಿನಿಂದ ಕಪ್ಪು ಹೊಗೆ ಎದ್ದಿತು. ಉಮಾಪತಿ ಗೇರು ಇಳಿಸಿದ. ಎಂಜಿನ್ ಕೂಗಿತು, ಚಕ್ರ ತಿರುಗಲಿಲ್ಲ. ಗಾಡಿ ಹಿಂದಕ್ಕೆ ಜಾರತೊಡಗಿತು. ಅವನು ಬ್ರೇಕು ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಕೆಳಗಿಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ.

ನಾಗಶೆಟ್ಟರು ಸೀಟಿಗೊರಗಿ ಉಸಿರೆಳೆದುಕೊಳ್ಳುತ್ತಿದ್ದರು. ಪಾದಗಳು ಊದಿ ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ. ಹಿಂದಿನ ಸರದಿಗೆ ಆಸ್ಪತ್ರೆಯ ಯಂತ್ರ ಕೆಟ್ಟು ವಾಪಸು ಬಂದಿದ್ದರು. ಇವತ್ತು ತಪ್ಪಿದರೆ ಏನಾಗುತ್ತದೆಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಉಮಾಪತಿ ಬಾನೆಟ್ ಎತ್ತಿ ಸ್ಪ್ಯಾನರನ್ನು ಬ್ಯಾಟರಿಯ ಮೇಲಿಟ್ಟ.

ಕಿಟಕಿಯಿಂದ ಶೆಟ್ಟರ ಕ್ಷೀಣವಾದ ದನಿ ಬಂತು. "ಮಗಾ, ಸರಿಯಾಗಿ ನೋಡಿದ್ಯಾ?"

ಮೈಯೆಲ್ಲ ಉರಿ ಎದ್ದಂತಾಯಿತು. ಬಾಯಿಗೆ ಮಾತು ಬಂದೇಬಿಟ್ಟಿತ್ತು. ಅವನು ಸರಕ್ಕನೆ ತಿರುಗಿದ.

ಶೆಟ್ಟರ ಮುಖದಲ್ಲಿ ಆಕ್ಷೇಪಣೆ ಇರಲಿಲ್ಲ. ಗೇಲಿ ಇರಲಿಲ್ಲ. ಬದುಕಬೇಕೆನ್ನುವ ಮನುಷ್ಯನೊಬ್ಬ ತನಗೆ ಗೊತ್ತಿಲ್ಲದ ವಿಷಯವನ್ನು ಗೊತ್ತಿರುವವನ ಹತ್ತಿರ ಕೇಳುತ್ತಿದ್ದ. ಅಷ್ಟೇ ಇದ್ದದ್ದು.

ಉಮಾಪತಿ ಸ್ಪ್ಯಾನರನ್ನು ಬ್ಯಾಟರಿಯಿಂದ ಕೆಳಗಿಳಿಸಿದ.

"ಇಲ್ಲ ಶೆಟ್ಟರೇ" ಎಂದ ಉಮಾಪತಿ. "ನೋಡಿಲ್ಲ."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಆಶ್ರಮಕ್ಕೆ ಬಂದಾಗಿನಿಂದ ಅವನು ಈ ಎಂಜಿನ್ನನ್ನು ಒಂದು ಸಲವೂ ನೋಡಿರಲಿಲ್ಲ. ನೋಡಬೇಕಾದರೆ ಅಡಿಗೆ ತೂರಬೇಕು, ಕೆಳಗಿನ ತಗಡು ಬಿಚ್ಚಬೇಕು, ಕೈ ಸುಟ್ಟುಕೊಳ್ಳಬೇಕು. ವೈರು ಬಿಚ್ಚುವುದು ಸಲೀಸು.

ಅವನು ಕಮಲಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಬ್ರೇಕಿನ ಮೇಲೆ ಕಾಲಿಡಿಸಿ, ಅಂಗಿ ಕಳಚಿ ನೆಲಕ್ಕೆ ಹಾಸಿ ವ್ಯಾನಿನ ಅಡಿಗೆ ತೂರಿದ.

"ಕಮಲಮ್ಮ, ಎಂಜಿನ್ ಸ್ಟಾರ್ಟ್‌ನಲ್ಲೇ ಇದೆ. ಬ್ರೇಕ್ ಮೇಲಿರೋ ಕಾಲು ತೆಗೀಬೇಡಿ."

"ಇಲ್ಲಪ್ಪ. ನೀನು ನೋಡು."

ತಗಡು ಬಿಚ್ಚಿದ. ಬಿಸಿ ಗಾಳಿ ಮುಖಕ್ಕೆ ರಾಚಿತು. ಕಿವಿಗೊಟ್ಟು ಕೇಳಿದ. ಎಂಜಿನ್ನಿನ ಸದ್ದಿನ ನಡುವೆ ಹಾವು ಬುಸುಗುಟ್ಟಿದ ಹಾಗೆ ಇನ್ನೊಂದು ಸದ್ದು. ಕೈಯಾಡಿಸುತ್ತಾ ಹೋದ. ಎಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಟರ್ಬೋದಿಂದ ಹೊರಟ ದಪ್ಪ ರಬ್ಬರಿನ ಹೋಸ್ ಪೈಪು ಬಾಗುವ ಜಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಉದ್ದಕ್ಕೆ ಸೀಳಿತ್ತು. ಎಂಜಿನ್ನಿಗೆ ಹೋಗಬೇಕಾದ ಗಾಳಿಯೆಲ್ಲ ಅಲ್ಲಿಂದ ಸೋರಿಹೋಗುತ್ತಿತ್ತು.

ಕಂಪ್ಯೂಟರು ತಪ್ಪು ಕಲಿತಿರಲಿಲ್ಲ. ಗಾಳಿ ಸಾಲುತ್ತಿಲ್ಲ ಎಂದು ಪ್ರತಿ ಸಲವೂ ಸರಿಯಾಗಿಯೇ ಹೇಳುತ್ತಿತ್ತು. ಪ್ರತಿ ಸಲವೂ ಅವನು ಅದರ ಬಾಯಿ ಮುಚ್ಚಿಸುತ್ತಿದ್ದ.

ಎಂಜಿನ್ ಆರಿಸಿ ತಣಿಯಲು ಬಿಟ್ಟ. ಗಾಡಿಯ ಸಾಮಾನು ಡಬ್ಬಿಯಲ್ಲಿದ್ದ ಹಳೆಯ ಸೈಕಲ್ ಟ್ಯೂಬನ್ನು ಉದ್ದುದ್ದ ಕತ್ತರಿಸಿದ. ಸೀಳಿನ ಮೇಲೆ ಸುತ್ತಿ ಸುತ್ತಿ, ತಂತಿಯಿಂದ ಬಿಗಿದ. ಮುಂಗೈ ಒಂದೆರಡು ಕಡೆ ಸುಟ್ಟಿತು. ಅದು ಅವನಿಗೆ ಗೊತ್ತಾಗಲೂ ಇಲ್ಲ.

ವ್ಯಾನು ಏರು ಹತ್ತಿತು. ಮೊದಲಿನ ಜೋರಿನಿಂದಲ್ಲ, ಆದರೆ ನಿಲ್ಲದೆ ಹತ್ತಿತು. ಶೆಟ್ಟರು ಸರದಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿದರು. ಸಂಜೆ ವಾಪಸು ಬರುವಾಗ ಅವರ ಉಸಿರು ಹಗುರಾಗಿತ್ತು. ದಾರಿಯಲ್ಲಿ ನಿಲ್ಲಿಸಿ ಎಳನೀರು ಬೇಕು ಎಂದು ಹಟ ಮಾಡಿದರು. ಡಾಕ್ಟರು ಬೇಡವೆಂದಿದ್ದಾರೆ ಎಂದು ಕಮಲಮ್ಮ ಗದರಿದಳು. ಇಬ್ಬರ ಜಗಳ ಕೇಳುತ್ತಾ ಉಮಾಪತಿ ಸುಮ್ಮನೆ ಗಾಡಿ ಓಡಿಸಿದ.

ಆಶ್ರಮ ಸೇರಿದಾಗ ಅಮ್ಮ ನದಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಉಮಾಪತಿ ಹೋಗಿ ಒಂದು ಮೆಟ್ಟಿಲು ಕೆಳಗೆ ಕುಳಿತ. ನಡೆದದ್ದನ್ನೆಲ್ಲ ಹೇಳಿದ.

ಅಮ್ಮ ಅವನ ಸುಟ್ಟ ಕೈ ನೋಡಿದರು. "ಸೀಳು ಎಲ್ಲಿತ್ತು?"

"ಅಡಿಯಲ್ಲಿ. ತೂರದೆ ಕಾಣೋ ಹಾಗಿರಲಿಲ್ಲ."

"ನಿನ್ನದು ಎಲ್ಲಿದೆ?"

ನೀರು ಮೆಟ್ಟಿಲಿಗೆ ಬಡಿಯುತ್ತಿತ್ತು. ಉಮಾಪತಿ ಮೆಲ್ಲಗೆ ಶುರುಮಾಡಿದ.

"ಅಪ್ಪ ಅಮ್ಮ ನಾನು ಚಿಕ್ಕವನಿದ್ದಾಗಲೇ ಹೋದರು. ಅಣ್ಣ ಅತ್ತಿಗೆ ಸಾಕಿದರು. ಅಣ್ಣ ಗ್ಯಾರೇಜಲ್ಲಿ ನಾನು ಯಾವ ಕೆಲಸ ಮಾಡಿದರೂ 'ಸರಿಯಾಗಿ ನೋಡಿದ್ಯಾ' ಅಂತ ಕೇಳೋನು. ನನ್ನ ಕಿವಿಗೆ ಅದು ಬೇರೆ ಥರಾನೇ ಕೇಳಿಸೋದು."

"ಹೇಗೆ?"

"ತಿಂದ ಅನ್ನಕ್ಕೆ ಸಮ ದುಡಿದ್ಯಾ, ಅಂತ."

"ಅವನು ಯಾವತ್ತಾದರೂ ಹಾಗಂದಿದ್ದನಾ?"

ಉಮಾಪತಿ ಯೋಚಿಸಿದ. "ಇಲ್ಲ."

"ಆಮೇಲೆ?"

"ಒಂದು ಕಾರು ರಿಪೇರಿಗೆ ಬಂದಿತ್ತು. ಹೀಗೇ ರೀಸೆಟ್ ಮಾಡಿ ಕಳಿಸಿದ್ದೆ. ಮಾರನೇ ದಿನವೇ ವಾಪಸು ಬಂತು. ಗಿರಾಕಿ ಎದುರಿಗೇ ಅಣ್ಣ 'ಸರಿಯಾಗಿ ನೋಡಿದ್ಯೇನೋ' ಅಂದ. ಕೈಯಲ್ಲಿದ್ದ ಸ್ಪ್ಯಾನರ್ ಎಸೆದೆ. ಅದು ಅವನ ಭುಜಕ್ಕೆ ತಾಗಿತು. ಗಲಾಟೆ ಕೇಳಿ ಅತ್ತಿಗೆ ಕಾಫಿ ಲೋಟ ಹಿಡಿದುಕೊಂಡೇ ಓಡಿಬಂದಳು. ಸಮಾಧಾನ ಮಾಡಕ್ಕೆ ಬಂದವಳಿಗೆ, 'ನೀನೇನು ನನ್ನ ಹೆತ್ತವಳಲ್ಲ, ನಡುವೆ ಬರಬೇಡ' ಅಂದೆ."

"ಅವಳೇನಂದಳು?"

"ಏನೂ ಅನ್ನಲಿಲ್ಲ. ಲೋಟ ಕೆಳಗಿಟ್ಟು ಒಳಗೆ ಹೋದಳು."

ಅಮ್ಮ ಅವನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಇಷ್ಟು ಕೇಳಿದರು.

"ಆ ಪೈಪು ಕಟ್ಟಿದ್ದೀಯಲ್ಲ, ಅಷ್ಟು ಸಾಕಾ?"

"ಸಾಲದು. ಹೊಸದು ಹಾಕಲೇಬೇಕು. ಪಟ್ಟಣಕ್ಕೆ ಹೋಗಿ ಪೈಪು ತರ್ತೀನಿ. ನಾನೇ ಹಾಕ್ತೀನಿ."

"ನೀನು ಹಾಕಬೇಡ."

"ಮತ್ತೆ?"

"ನಿನ್ನ ಅಣ್ಣ ಹಾಕಲಿ. ನಾಳೆ ನಾನೂ ಬರ್ತೀನಿ."

"ಅವನು ಗಾಡಿ ಮುಟ್ಟದಿದ್ದರೆ ಅಮ್ಮ?"

"ಗ್ಯಾರೇಜಿಗೆ ಬಂದ ಗಾಡಿ ಮುಟ್ಟದೆ ಇರೋ ಮನುಷ್ಯ ಅಲ್ಲ ಅಂತ ನಿನ್ನ ಮಾತಿನಿಂದಲೇ ಗೊತ್ತಾಯ್ತು" ಎಂದು ಅಮ್ಮ ಎದ್ದರು.

ಮರುದಿನ ಬೆಳಿಗ್ಗೆ ವ್ಯಾನು ಗ್ಯಾರೇಜಿನ ಮುಂದೆ ನಿಂತಿತು.

ಅಣ್ಣ ಮರಿಸ್ವಾಮಿ ಒಂದು ಜೀಪಿನ ಚಕ್ರ ಬಿಚ್ಚುತ್ತಿದ್ದ. ತಲೆ ಎತ್ತಿ ನೋಡಿದ. ಮೊದಲು ವ್ಯಾನನ್ನು, ಆಮೇಲೆ ಅಮ್ಮನನ್ನು, ಕೊನೆಗೆ ತಮ್ಮನನ್ನು. ಎದ್ದು ಬಂದು ಅಮ್ಮನಿಗೆ ಕೈಮುಗಿದು ಕುರ್ಚಿ ಹಾಕಿಕೊಟ್ಟ. ತಮ್ಮನ ಜೊತೆ ಮಾತಾಡಲಿಲ್ಲ.

ಉಮಾಪತಿ ಮುಂದೆ ಬಂದ.

"ಅಣ್ಣ, ಆಶ್ರಮದ ವ್ಯಾನು. ಟರ್ಬೋ ಹೋಸ್ ಸೀಳಿದೆ."

ಮರಿಸ್ವಾಮಿ ವ್ಯಾನಿನ ಅಡಿಗೆ ಟಾರ್ಚ್ ಬಿಟ್ಟು ನೋಡಿದ.

"ಟ್ಯೂಬ್ ಸುತ್ತಿದ್ದು ಯಾರು?"

"ನಾನು."

"ಇದೊಂದೇ ಕಡೆಯಾ? ಬೇರೆ ಕಡೆ ಏನೂ ಇಲ್ವಾ? ಸರಿಯಾಗಿ ನೋಡಿದ್ಯಾ?"

ಗ್ಯಾರೇಜಿನ ಹುಡುಗರು ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು. ಉಮಾಪತಿಗೆ ಆ ಉರಿ ಹೊಟ್ಟೆಯಿಂದ ಎದ್ದು ಕಿವಿಯವರೆಗೆ ಬಂದದ್ದು ಸ್ಪಷ್ಟವಾಗಿ ಗೊತ್ತಾಯಿತು. ಅದು ಎಲ್ಲಿಂದ ಹೊರಟಿತು ಎಂಬುದೂ ಈ ಸಲ ಗೊತ್ತಾಯಿತು. ಅವನು ಅದನ್ನು ತಡೆಯಲು ಹೋಗಲಿಲ್ಲ. ಬಂದು ಹೋಗುವವರೆಗೆ ನಿಂತ.

"ಇದೊಂದು ಕಂಡ ಮೇಲೆ ಮುಂದಕ್ಕೆ ನೋಡೋದು ಬಿಟ್ಟೆ" ಎಂದ. "ನೀನೊಂದ್ಸಲ ನೋಡಣ್ಣ."

ಮರಿಸ್ವಾಮಿ ಗೋಣಿತಾಟು ಹಾಸಿ ಅಡಿಗೆ ತೂರಿದ.

ಅಡಿಯಿಂದಲೇ ಅವನ ದನಿ ಬಂತು. ತಮ್ಮನಿಗೆ ಹೇಳಿದಂತಿರಲಿಲ್ಲ, ಎಂಜಿನ್ನಿಗೆ ಹೇಳಿದಂತಿತ್ತು.

"ಪೈಪಿನ ಪಕ್ಕದ ಕಬ್ಬಿಣದ ಪಟ್ಟಿ ಬಗ್ಗಿದೆ. ಅದು ಉಜ್ಜಿ ಉಜ್ಜಿ ಪೈಪು ಸೀಳಿರೋದು. ಪಟ್ಟಿ ನೆಟ್ಟಗೆ ಮಾಡದೆ ಹೊಸ ಪೈಪು ಹಾಕಿದ್ರೂ ಅದೂ ಸೀಳ್ತಿತ್ತು."

ಹೊರಗೆ ಒಂದು ಕೈ ಚಾಚಿತು. ಏನು ಬೇಕೆಂದು ಹೇಳಲಿಲ್ಲ.

ಉಮಾಪತಿ ಹತ್ತನೇ ನಂಬರಿನ ಸ್ಪ್ಯಾನರನ್ನು ಆ ಕೈಯಲ್ಲಿಟ್ಟ.

ಕೈ ಒಳಗೆ ಹೋಯಿತು. ಬೇಡವೆಂದು ಹಿಂದಕ್ಕೆ ಬರಲಿಲ್ಲ.

ಪಟ್ಟಿ ನೆಟ್ಟಗಾಯಿತು. ಹೊಸ ಪೈಪು ಕೂತಿತು. ಮರಿಸ್ವಾಮಿ ಹೊರಗೆ ಬಂದು ಬೆನ್ನು ಕೊಡವಿಕೊಂಡ.

"ಬ್ಯಾಟರಿ ವೈರು ಬಿಚ್ಚು" ಎಂದ.

ಉಮಾಪತಿಗೆ ನಂಬಿಕೆಯಾಗಲಿಲ್ಲ. "ರೀಸೆಟ್ ಮಾಡೋದಾ?"

"ಮತ್ತೆ? ಪೈಪು ಸೀಳಿದ್ದಾಗ ಅದಕ್ಕೆ ತಕ್ಕ ಹಾಗೆ ಓಡೋದು ಕಲಿತಿದೆ. ಈಗ ಆ ಪಾಠ ಬೇಡ. ಈಗ ಮರೆಯಲಿ."

ಉಮಾಪತಿ ವೈರು ಬಿಚ್ಚಿದ. ಎಷ್ಟೋ ಸಲ ಬಿಚ್ಚಿದ ಅದೇ ವೈರು, ಅದೇ ನಟ್ಟು.

ಕಾಯುವ ಹೊತ್ತಿನಲ್ಲಿ ಅಮ್ಮ ಗ್ಯಾರೇಜಿನ ಹಿಂದಿನ ಬಾಗಿಲ ಕಡೆ ಒಮ್ಮೆ ನೋಡಿದರು. ಆ ಬಾಗಿಲಾಚೆಯೇ ಮನೆ. ಉಮಾಪತಿ ಚಪ್ಪಲಿ ಬಿಟ್ಟು ಒಳಗೆ ಹೋದ.

ಅತ್ತಿಗೆ ಹಿತ್ತಲ ಕಟ್ಟೆಯ ಮೇಲೆ ಕುಳಿತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಅವನನ್ನು ಕಂಡು ಅವಳ ಕೈ ನಿಂತಿತು. ಮತ್ತೆ ಆಡಿತು.

"ಅತ್ತಿಗೆ, ಅವತ್ತು ನಾನು ಒಂದು ಮಾತಂದೆ."

"ಅಂದೆ. ಮರೆತಿಲ್ಲ."

"ಮರೀಬೇಡ. ನಾನೂ ಮರೆಯಲ್ಲ. ಅದು ಸುಳ್ಳು ಅಂತ ಹೇಳಿ ಹೋಗಕ್ಕೆ ಬಂದೆ."

ಅತ್ತಿಗೆ ತಲೆ ಎತ್ತಲಿಲ್ಲ. ಒಂದು ದಂಟನ್ನು ಮುರಿದಳು, ನಾರು ಎಳೆದಳು. ಆಮೇಲೆ ಸೊಪ್ಪಿನ ರಾಶಿಯಲ್ಲಿ ಅರ್ಧವನ್ನು ಅವನ ಕಡೆ ತಳ್ಳಿದಳು.

"ಹುಳ ಇರುತ್ತೆ. ಎಲೆ ತಿರುಗಿಸಿ ನೋಡಿ ಬಿಡಿಸು."

ಉಮಾಪತಿ ಪಕ್ಕದಲ್ಲಿ ಕುಳಿತು ಸೊಪ್ಪು ಬಿಡಿಸಿದ. ಸೊಪ್ಪು ಮುಗಿಯುವ ಹೊತ್ತಿಗೆ ಅವಳು, "ಯಾಕೋ ಇಷ್ಟು ಸೊರಗಿದ್ದೀಯ" ಎಂದಳು. ಅವನಿಗೆ ಕಣ್ಣು ಮಂಜಾಯಿತು.

ಹೊರಗೆ ವ್ಯಾನು ಸಿದ್ಧವಾಗಿತ್ತು. ಮರಿಸ್ವಾಮಿ ಸೋಪಿನ ಪುಡಿ ಹಾಕಿ ಮೊಣಕೈವರೆಗೆ ಉಜ್ಜಿ ತೊಳೆಯುತ್ತಿದ್ದ.

"ಹೋಗಿಬರ್ತೀನಿ ಅಣ್ಣ."

ಮರಿಸ್ವಾಮಿ ತೊಳೆಯುತ್ತಲೇ ಇದ್ದ. ಉಮಾಪತಿ ವ್ಯಾನು ಹತ್ತಿದ.

ಪಟ್ಟಣ ದಾಟಿ ಬಯಲು ಬಂತು. ಎರಡೂ ಕಡೆ ಕಬ್ಬು. ಅಮ್ಮ ಮುಂದಿನ ಸೀಟಿನಲ್ಲಿ ಕೈ ಮಡಿಚಿ ಕುಳಿತಿದ್ದರು. ರೈಲ್ವೆ ಗೇಟು ಹಾಕಿತ್ತು. ಉಮಾಪತಿ ಗಾಡಿ ನಿಲ್ಲಿಸಿದ. ನಿಂತಲ್ಲೇ ಎಂಜಿನ್ ಅದುರತೊಡಗಿತು. ಗಾಜು, ಬಾಗಿಲು ಎಲ್ಲವೂ ಗಲಗಲ ಎಂದವು.

"ಅತ್ತಿಗೆ ಮಾತಾಡಿದಳು ಅಮ್ಮ" ಎಂದ ಉಮಾಪತಿ. "ಅಣ್ಣ ಗಾಡಿ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಹೋಗಿಬರ್ತೀನಿ ಅಂದರೂ ತಿರುಗಿ ನೋಡಲಿಲ್ಲ. ಅವನ ಮನಸ್ಸಿನಿಂದ ಆ ಏಟು ಹೋಗಲ್ಲ ಅನ್ನಿಸುತ್ತೆ."

ಅಮ್ಮ ಅದುರುವ ಬಾಗಿಲಿನ ಮೇಲೆ ಕೈಯಿಟ್ಟರು.

"ಎಲ್ಲ ಸರಿಮಾಡಿದ ಮೇಲೂ ಇದು ಯಾಕೆ ನಡುಗ್ತಿದೆ?"

"ಹಳೇದು ಮರೆತಿದೆಯಲ್ಲ. ಈಗ ಹೊಸದಾಗಿ ಕಲೀತಾ ಇದೆ ಅಮ್ಮ. ಗಾಬರಿ ಬೇಡ. ಇನ್ನೊಂದಷ್ಟು ದೂರ ಓಡಿದರೆ ತಾನಾಗೇ ಸರಿಹೋಗುತ್ತೆ."

"ಅಲ್ಲಿವರೆಗೆ ಏನು ಮಾಡಬೇಕು?"

"ಏನೂ ಇಲ್ಲ. ಜೋರು ಮಾಡದೆ ಓಡಿಸ್ತಾ ಇರಬೇಕು, ಅಷ್ಟೇ."

ರೈಲು ಹೋಯಿತು. ಗೇಟು ಎದ್ದಿತು.

"ಹಾಗಾದರೆ," ಎಂದರು ಅಮ್ಮ, "ನಿನ್ನ ಅಣ್ಣನಿಗೂ ಅಷ್ಟು ದೂರ ಕೊಡು."